ಮಾರಾಟಕ್ಕಿದ್ದ ಮನೆಯಲ್ಲಿ ಹಾಲುಕ್ಕಿದ್ದು

ನನ್ನ ನಾಲಿಗೆಗೆ ಲಗಾಮಿಲ್ಲ ಎಂದು ನಮ್ಮಮ್ಮ ಬಯ್ಯುತ್ತಲೇ ಇದ್ದರು. ಅದರ ಫಲ ಉಂಡಿದ್ದು ಎಂಬತ್ತರ ದಶಕದ ಶುರುವಿನಲ್ಲಿ, ವೈಟ್‌ಫೀಲ್ಡಿನಲ್ಲಿ ಒಂದು ಬೆಡ್‌ರೂಮಿನ ಮನೆ ನೋಡಲು ಹೋದಾಗ.

ಆಗ ನಾನೂ ನಮ್ಮ ಯಜಮಾನರೂ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆವು. ಬಾಡಿಗೆ ಮನೆಯ ಓನರು, ಮಗಳ ಮದುವೆಯಾಯಿತು, ಅಳಿಯನಿಗೆ ಮನೆ ಬೇಕು, ತಿಂಗಳೊಳಗೆ ಖಾಲಿ ಮಾಡಿ ಅಂದಿದ್ದರು. ಮದುವೆಯಾದ ಮೇಲೆ ನಮಗದು ಐದನೆಯ ಮನೆ. ಇನ್ನೊಂದು ಸಲ ಪಾತ್ರೆಪಗಡವನ್ನು ಗೋಣಿಚೀಲಕ್ಕೆ ತುಂಬುವವಳಲ್ಲ ನಾನು, ಸ್ವಂತದ್ದೇ ಆಗಬೇಕು ಎಂದು ಹಟ ಹಿಡಿದೆ. ಅಷ್ಟರಲ್ಲಿ, ಸರ್ಕಲ್ಲಿನ ಹತ್ತಿರ ಬ್ರಿಟಿಷರ ಕಾಲದ ಹೆಂಚಿನ ಬಂಗಲೆಯೊಂದನ್ನು ಮೂರು ಪಾಲು ಮಾಡಿದ್ದಾರೆ, ತುದಿಯ ಪಾಲು ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಒಂದು ಬೆಡ್‌ರೂಮು, ಪಡಸಾಲೆ, ಅಡುಗೆಮನೆ, ಮುಂದೆ ಕೆಂಪು ನೆಲದ ಜಗಲಿ. ನೋಡಿದ ಕೂಡಲೇ ಇದು ನನ್ನದೇ ಅನ್ನಿಸಿಬಿಟ್ಟಿತು.

ಮನೆಯೊಡತಿ ಆಂಗ್ಲೋ-ಇಂಡಿಯನ್, ವಯಸ್ಸಾದವರು. ಊರವರೆಲ್ಲ ದೊರೆಸಾನಮ್ಮ ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿದ್ದ ತಂಗಿಯ ಜೊತೆ ಇರಲು ಹೊರಟಿದ್ದರು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಎಲ್ಲರಿಗೂ ಏಕವಚನ. ಪಡಸಾಲೆಯ ಗೋಡೆಯಲ್ಲಿ ಚಳಿ ಕಾಯಿಸಿಕೊಳ್ಳಲು ಕಟ್ಟಿದ ಅಗ್ಗಿಷ್ಟಿಕೆಯಿತ್ತು, ಅದರ ಮೇಲೆ ಹೊಗೆಗೂಡು. ನಾನು ಸುಮ್ಮನಿರಬಾರದೆ? ಇದನ್ನು ಒಡೆಸಿ ಶೋಕೇಸ್ ಮಾಡಿಸೋಣ ಎಂದು ಯಜಮಾನರಿಗೆ ಜೋರಾಗಿಯೇ ಹೇಳಿದೆ. ದೊರೆಸಾನಮ್ಮನ ಮುಖ ಸಣ್ಣದಾಯಿತು. ಅದನ್ನು ಅವರ ಅಪ್ಪ ಕೈಯಾರೆ ಕಟ್ಟಿದ್ದರಂತೆ. ಯೋಚನೆ ಮಾಡಿ ಹೇಳುತ್ತೇನೆ, ಭಾನುವಾರ ಬಾ ಅಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರ ಚಂದಾಪುರದ ಕಡೆಯ ಹಳ್ಳಿಯಿಂದ ಅತ್ತೆ ಬಂದರು. ಬಂದವರೇ ಮನೆ ಆಯಿತಾ ಎಂದು ಕೇಳಿದರು. ನನ್ನ ಬಾಯಿಂದಲೇ ಕೆಟ್ಟಿತು ಎಂದು ಹೇಳಲು ನನ್ನ ಜಂಭ ಬಿಡಬೇಕಲ್ಲ. ಆಯಿತು ಎಂದುಬಿಟ್ಟೆ.

ಭಾನುವಾರ ಯಜಮಾನರಿಗೆ ಓವರ್‌ಟೈಮು. ಅತ್ತೆ ನಾನೂ ಬರುತ್ತೇನೆಂದು ಹೊರಟರು, ಕೈಯಲ್ಲೊಂದು ದಪ್ಪ ಚೀಲ. ಅದರಲ್ಲೇನಿದೆ ಎಂದು ಕೇಳುವಷ್ಟು ಸಮಾಧಾನ ನನಗಿರಲಿಲ್ಲ. ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ, ದೊರೆಸಾನಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಟೀ ಕಾಯಿಸುತ್ತಾ, ಇನ್ನೊಂದು ಪಾರ್ಟಿ ಬಂದಿದೆ, ನಿನಗೆ ಕೊಡಲು ಯಾಕೋ ಮನಸ್ಸು ಬರುತ್ತಿಲ್ಲ ಎಂದರು. ಅಷ್ಟರಲ್ಲಿ ಹೊಗೆಯ ವಾಸನೆ ಬಂತು.

ಇಬ್ಬರೂ ಓಡಿ ಬಂದೆವು. ಅಯ್ಯೋ ಶಿವನೇ, ಅತ್ತೆ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ! ಒಳಗಿನ ಧೂಳು ಗುಡಿಸಿ, ಅಂಗಳದ ಮೂರು ಇಟ್ಟಿಗೆ ಹೂಡಿ, ಅರಿಸಿನ ಕುಂಕುಮ ಇಟ್ಟು, ಚೀಲದಲ್ಲಿ ತಂದ ಪುಳ್ಳೆಗೆ ಬೆಂಕಿ ಹಚ್ಚಿ, ಹೊಸ ಮಡಕೆಯಲ್ಲಿ ಹಾಲು ಕಾಯಿಸುತ್ತಿದ್ದಾರೆ. ಹೊಸ ಮನೆಗೆ ಕಾಲಿಟ್ಟವರು ಮೊದಲು ಹಾಲುಕ್ಕಿಸಬೇಕಲ್ಲ. ಅಗ್ಗಿಷ್ಟಿಕೆ ಅವರ ಕಣ್ಣಿಗೆ ಒಲೆಯಾಗಿ ಕಂಡಿತ್ತು, ಮನೆ ನಮ್ಮದಾಯಿತು ಎಂದು ಹೇಳಿದವಳು ನಾನೇ.

ನಾಚಿಕೆಯಿಂದ ಸತ್ತೇ ಹೋದೆ. ಬೆಂಕಿ ಆರಿಸಲು ನೀರಿನ ಚೊಂಬು ಎತ್ತಿದರೆ ದೊರೆಸಾನಮ್ಮ ನನ್ನ ಕೈ ಹಿಡಿದು ತಡೆದರು. ಹಾಲು ನೊರೆ ನೊರೆಯಾಗಿ ಉಕ್ಕಿ ಮೂಡಲ ಕಡೆಗೇ ಚೆಲ್ಲಿತು. ಅದು ಒಳ್ಳೆಯ ಶಕುನವೆಂದು ಅತ್ತೆ ಖುಷಿಯಿಂದ ಕೈಮುಗಿದರು.

ಇನ್ನು ಮುಚ್ಚಿಟ್ಟು ಏನು ಬಂತು? ಮನೆ ಆಗಿಲ್ಲ, ಸುಳ್ಳು ಹೇಳಿದೆ, ಇದನ್ನು ಒಡೆಸುತ್ತೇನೆಂದು ಒದರಿ ನಾನೇ ಕೆಡಿಸಿಕೊಂಡೆ ಎಂದು ಅಲ್ಲೇ ಒಪ್ಪಿಕೊಂಡೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಉರಿಯೋ ಒಲೇನ ಯಾರಾದ್ರೂ ಒಡೀತಾರೇನವ್ವ? ಇಂಗೆ ಹೊಗೆ ಎಳ್ಕೊಳ್ಳೋ ಒಲೇನ ನಾನು ಎಲ್ಲೂ ಕಂಡಿಲ್ಲ."

ಆಮೇಲೆ ದೊರೆಸಾನಮ್ಮನ ಕಡೆ ತಿರುಗಿ, ಚಳಿಗಾಲದಲ್ಲಿ ತಂಗಿಯನ್ನೂ ಕರೆದುಕೊಂಡು ಬಾ, ನಾನು ಬೆಂಕಿ ಹಾಕುತ್ತೇನೆ, ಮೂವರೂ ಕಾಲು ಚಾಚಿ ಕೂರೋಣ ಎಂದರು. ಅವರ ಮನೆಗೆ ಅವರನ್ನೇ ಕರೆಯುತ್ತಿದ್ದಾರೆ! ದೊರೆಸಾನಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕುರ್ಚಿ ಎಳೆದುಕೊಂಡು ಬೆಂಕಿಯ ಮುಂದೆ ಕೂತು, ಅತ್ತೆ ಕೊಟ್ಟ ಹಾಲು ಕುಡಿದು, ಸಕ್ಕರೆ ಸಾಲದು ಅಂದರು. ಎದ್ದು ಹೋಗಿ ಬೆಡ್‌ರೂಮಿನಿಂದ ಬೀಗದ ಕೈ ತಂದು ಅತ್ತೆಯ ಕೈಗಿಟ್ಟರು.

"ಮನೆ ಇವಳಿಗೆ ಕೊಡ್ತೀನಿ. ನಿಂಗಲ್ಲ," ಎಂದು ನನಗೆ ಹೇಳಿದರು.

ತಮಾಷೆ ಅಂದುಕೊಂಡೆ. ಅಲ್ಲ, ಕ್ರಯಪತ್ರವೂ ಅತ್ತೆಯ ಹೆಸರಿಗೇ ಆಗಬೇಕೆಂದು ಪಟ್ಟು ಹಿಡಿದರು. ನನ್ನ ಸಿಟ್ಟು ಗೊತ್ತಿದ್ದ ಯಜಮಾನರು ಹೆದರಿ ನನ್ನ ಮುಖವನ್ನೇ ನೋಡುತ್ತಿದ್ದರು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅತ್ತೆ ಹೆಬ್ಬೆಟ್ಟು ಒತ್ತುವಾಗ, ಶಾಯಿ ಹರಡದಿರಲೆಂದು ಅವರ ಕೈ ಹಿಡಿದುಕೊಂಡವಳು ನಾನೇ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.