ನಗಲೊಲ್ಲದ ಹಂದಿಯೂ ಓಕ್ ಮೇಡಂ ಅವರ ಕಣ್ಣೂ

ಸಿಯೋಲ್‌ನ ಚಿತ್ರಗಳಲ್ಲಿ ಇಂದು ಅಳುವ ತಾಯಂದಿರಲ್ಲಿ ಅರ್ಧದಷ್ಟು ಮಂದಿಯನ್ನೂ, ಗುಂಡೇಟು ತಿಂದು ಬೀಳುವ ಪೊಲೀಸರಲ್ಲಿ ಬಹುಪಾಲು ಜನರನ್ನೂ ಹುಡುಕಿ ತಂದವರು ಶ್ರೀಮತಿ ಓಕ್ ಮಿನ್‌ಜಾ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಹಾನುಲ್ ರಂಗತಂಡದ ಕಲಾತ್ಮಕ ನಿರ್ದೇಶಕಿಯಾಗಿದ್ದರು. ಆ ತಂಡದಲ್ಲಿ ಮುಖ್ಯವಾಗಿ ಹೆಣದ ಪಾತ್ರಗಳನ್ನು ನಿರ್ವಹಿಸಿದ ಪ್ಯೋ ದಾಲ್‌ಸು ಎಂಬ ನಾನು ಈ ಮಾತುಗಳನ್ನು ಗೌರವದಿಂದ ಬರೆಯುತ್ತಿದ್ದೇನೆ.

ನನ್ನ ಮಗಳು ಹುಟ್ಟಿದಾಗ ಮೇಡಂ ಬಾಣಂತಿಗೆಂದು ಕಡಲಪಾಚಿಯ ಸಾರನ್ನು ತಾವೇ ಕುದಿಸಿ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಬಂದರು. ಮಗು ಅಳುವುದನ್ನು ಕೇಳಿ, "ಹೊಟ್ಟೆಯಿಂದ ಅಳ್ತಿದಾಳೆ, ಅಪ್ಪನ್ ಥರ ಗಂಟಲಿಂದಲ್ಲ" ಎಂದು ಹರಸಿದರು.

ಅವರು ಸಿನಿಮಾಕ್ಕೆ ಪಾತ್ರಧಾರಿಗಳನ್ನು ಆರಿಸುವ ಕೆಲಸಕ್ಕೆ ಹೋದಾಗ ನನಗೆ ನಲವತ್ತಮೂರು. ಆ ವರ್ಷವೂ ಮಾತಿರುವ ಪಾತ್ರ ಸಿಗದಿದ್ದರೆ ಭಾವಮೈದುನನ ಕೋಳಿ ಅಂಗಡಿ ಸೇರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಅವರ ಚಿತ್ರವೊಂದರಲ್ಲಿ ಊರ ಯಜಮಾನನಾಗಬೇಕಿದ್ದ ನಟ ಕಾಲು ಮುರಿದುಕೊಂಡ. ಆ ಪಾತ್ರ ನನಗೆ ಕೊಡಿ ಎಂದು ನಾನು ಓಡಿಹೋಗಿ ಮೇಡಂ ಅವರನ್ನು ಕೇಳಿದೆ.

"ನಿನ್ ಮುಖದಲ್ಲಿ ಗತ್ತೆಲ್ಲಿದೆಯೋ ದಾಲ್‌ಸು? ಬಾ, ಪೂಜೆಗೆ ಹಂದಿ ತಲೆ ತರೋಣ."

ಚಿತ್ರೀಕರಣಕ್ಕೆ ಮೊದಲು ಶುಭವಾಗಲೆಂದು ನಾವೆಲ್ಲ ಬಗ್ಗಿ ನಮಸ್ಕರಿಸುವ ಹಂದಿಯ ತಲೆ ನಗುತ್ತಿರಬೇಕು. ಮೇಡಂ ಮಾಂಸದ ಮಾರುಕಟ್ಟೆಯಲ್ಲಿ ಹದಿನಾರು ತಲೆಗಳನ್ನು ಪರೀಕ್ಷಿಸಿ, "ಇದು ನಗ್ತಿಲ್ಲ, ಹಲ್ಲು ತೋರಿಸ್ತಿದೆ" ಎಂದು ತಿರಸ್ಕರಿಸಿದರು.

"ಪೂಜೆಗೆ ತಗೊಳ್ತಿದೀಯೋ, ಅಳಿಯನ್ನ ಮಾಡ್ಕೊಳ್ತಿದೀಯೋ ತಾಯಿ?" ಎಂದಳು ಅಂಗಡಿಯ ಅಜ್ಜಿ.

ಹದಿನೇಳನೆಯದು ಬುದ್ಧನಂತೆ ನಗುತ್ತಿತ್ತು. ಬೇಯಿಸುವ ಹೊಣೆ ನನ್ನದಾಯಿತು. ಆಸೆ ಬಿಡದೆ ಯಜಮಾನನ ಸಂಭಾಷಣೆ ಬಾಯಿಪಾಠ ಮಾಡುತ್ತಾ ಒಂದು ಗಂಟೆ ಹೆಚ್ಚು ಬೇಯಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಪೂಜೆಯ ಮೇಜಿನ ಮೇಲೆ ಅದು ಹತ್ತಿರದ ನೆಂಟರನ್ನು ಕಳೆದುಕೊಂಡಂತೆ ಕುಳಿತಿತ್ತು. ನಿರ್ಮಾಪಕರು ಬಿಳಿಚಿಕೊಂಡು, "ಅಪಶಕುನ, ಇವತ್ತು ಕ್ಯಾಮೆರಾ ಮುಟ್ಟೋದು ಬೇಡ" ಎಂದರು. ಎಂಬತ್ತು ಜನ ನನ್ನತ್ತಲೇ ನೋಡಿದರು. ಪಾತ್ರವಂತೂ ಹೋಯಿತು, ಇನ್ನು ಹೆದರುವುದಕ್ಕೇನೂ ಉಳಿದಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಹಂದಿಯೆದುರು ನಿಂತೆ.

"ಏನಯ್ಯಾ? ಎಂಬತ್ತು ಜನ ಊಟ ಬಿಟ್ಟು ನಿನಗೆ ಅಡ್ಡಬೀಳೋಕೆ ಬಂದಿದಾರೆ. ನಿಂಗೇನ್ ಬಂತು ರೋಗ? ನಗು!"

ಮೊದಲು ಲೈಟಿನ ಕೆಲಸದವರು ನಕ್ಕರು, ಆಮೇಲೆ ನಿರ್ಮಾಪಕರು. ಹಂದಿಯ ತುಟಿಯೂ ಅರ್ಧ ಅಂಗುಲ ಮೇಲೆದ್ದಿತೆಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮುಕ್ಕಾಲು ಅಂಗುಲ. ಮೇಡಂ ಮಾತ್ರ ನಗದೆ, ಚಿತ್ರದ ನಿರ್ದೇಶಕರತ್ತ ತಿರುಗಿ, "ಯಜಮಾನ ಸಿಕ್ಕ. ಇವನ ಅಳತೆ ತಗೊಂಡು ಬಟ್ಟೆ ಹೊಲಿಸಿ" ಎಂದರು.

ಅಂದಿನಿಂದ ನಾನು ಮೂವತ್ತೊಂದು ಚಿತ್ರಗಳಲ್ಲಿ ಜೀವಂತವಾಗಿ ಕಾಣಿಸಿಕೊಂಡಿದ್ದೇನೆ. ಎಪ್ಪತ್ತರ ಹೊಸ್ತಿಲಲ್ಲಿ ನಿವೃತ್ತರಾಗುತ್ತಿರುವ ಮೇಡಂ ನೂರನ್ನು ದಾಟಲಿ. ಇನ್ನೆಷ್ಟೋ ಗಂಡಸರು ಏನಾಗಬಲ್ಲರೆಂಬುದನ್ನು ಅವರವರ ಹೆಂಡತಿಯರಿಗಿಂತ ಒಂದು ದಿನ ಮೊದಲೇ ಕಂಡು ಹೇಳುತ್ತಿರಲಿ.