ಸೂತ್ರಧಾರನಿಗೊಂದು ಪಾತ್ರ

ಅಮ್ಮನ ರೇಷ್ಮೆ ಸೀರೆಯ ರಟ್ಟಿನ ಡಬ್ಬವೊಂದು ನಮ್ಮ ಬಸವನಗುಡಿಯ ಮನೆಯಲ್ಲಿ ಬಹುಕಾಲ ಮುಚ್ಚಳವಿಲ್ಲದೆ ಇತ್ತು. ಮುಚ್ಚಳ ಕದ್ದವನು ನಾನೇ. ಭಾನುವಾರದ ಮಧ್ಯಾಹ್ನಗಳಲ್ಲಿ ಅದನ್ನು ಚಾಪೆಯ ಮೇಲೆ ಅಡ್ಡಗೋಡೆಯಂತೆ ನಿಲ್ಲಿಸಿಕೊಂಡು, ಅದರ ಹಿಂದೆ ಕುಳಿತು ನಾನೊಂದು ಲೋಕವನ್ನು ಆಳುತ್ತಿದ್ದೆ. ಆಳುತ್ತಿದ್ದೆ ಎನ್ನುವ ಮಾತು ಈಗ ಬರೆಯುವಾಗ ಚುಚ್ಚುತ್ತದೆ, ಗೆಳೆಯರೇ, ಆಗ ಚುಚ್ಚುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ವಿದೇಶದಿಂದ ಒಂದು ಆಟದ ಪೆಟ್ಟಿಗೆ ತಂದುಕೊಟ್ಟಿದ್ದ. ಪಗಡೆಯ ಹಾಗೆ ಕಾಯಿ ನಡೆಸಿ ಗೆಲ್ಲುವ ಆಟವಲ್ಲ ಅದು. ಆಡುವವರೆಲ್ಲ ತಮಗೊಂದೊಂದು ಪಾತ್ರ ಕಲ್ಪಿಸಿಕೊಂಡು, ಆ ಪಾತ್ರವಾಗಿಯೇ ಮಾತಾಡುತ್ತ, ಹೆದರುತ್ತ, ಕಾಣದ ಕಾಡುಮೇಡುಗಳನ್ನು ಅಲೆಯಬೇಕು. ಒಬ್ಬ ಮಾತ್ರ ಪಾತ್ರವಿಲ್ಲದೆ ಕುಳಿತು ಆ ಕಾಡನ್ನೂ ಅದರೊಳಗಿನ ಅಪಾಯಗಳನ್ನೂ ಬಣ್ಣಿಸಬೇಕು. ಸಂದೇಹ ಬಂದಲ್ಲಿ ದಾಳ ಉರುಳಿಸಿ ತೀರ್ಪು ಹೇಳಬೇಕು. ಅವನನ್ನು ನಾವು ಸೂತ್ರಧಾರ ಎಂದೆವು. ಪೆಟ್ಟಿಗೆಯೊಳಗಿನ ಪುಸ್ತಕವನ್ನು ಪೂರ್ತಿ ಓದಿದ್ದವನು ನಾನೊಬ್ಬನೇ ಆದ್ದರಿಂದ ಸೂತ್ರ ನನ್ನ ಕೈಗೇ ಬಂತು.

ಆಡುತ್ತಿದ್ದವರು ಮೂವರು: ನನ್ನ ತಂಗಿ ಸರೋಜ, ಮಾಮೂಲ್‌ಪೇಟೆಯ ತನ್ನ ಮನೆಯವರ ಕಾಗದದಂಗಡಿಯಿಂದ ನಕ್ಷೆಗೆಂದು ಚೌಕುಳಿ ಹಾಳೆ ತರುತ್ತಿದ್ದ ನಂಜುಂಡ, ಮತ್ತು ಚಾಮರಾಜಪೇಟೆಯ ಪ್ರಭಾಕರ. ಪ್ರಭಾಕರನ ತಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು, ಆ ವರ್ಷವಷ್ಟೇ ತೀರಿಕೊಂಡಿದ್ದರು. ಅವನು ಕಟ್ಟಿಕೊಂಡ ಪಾತ್ರ ಭೀಮಣ್ಣನೆಂಬ ಮುದಿ ಲಿಪಿಕಾರ. ಭೀಮಣ್ಣ ಮಾತಿಗೆ ಮೊದಲು ಸಣ್ಣಗೆ ಕೆಮ್ಮುತ್ತಿದ್ದ. ಅಕ್ಷರ ಕಂಡಲ್ಲೆಲ್ಲ ನಿಂತು ಓದುತ್ತಿದ್ದ. ಯಾರ ಮೇಲೂ ಕತ್ತಿ ಎತ್ತುತ್ತಿರಲಿಲ್ಲ. ಆ ಕೆಮ್ಮು ಯಾರದೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ನನ್ನನ್ನೊಂದು ವಿಚಿತ್ರ ಒಂಟಿತನ ಹಿಡಿಯಿತು. ಪಾತ್ರಗಳು ದಾರಿಯಲ್ಲಿ ಬೆಂಕಿ ಹಾಕಿಕೊಂಡು ಕುಳಿತು ಒಬ್ಬರಿಗೊಬ್ಬರು ಸುಖದುಃಖ ಹೇಳಿಕೊಳ್ಳುವಾಗ ಮರವೂ ನಾನೇ, ಮಳೆಯೂ ನಾನೇ, ಹೊಂಚುವ ಕಳ್ಳನೂ ನಾನೇ. ಅವರಲ್ಲೊಬ್ಬ ಮಾತ್ರ ನಾನಲ್ಲ.

“ನಾನೂ ಒಂದು ಪಾತ್ರ ಮಾಡ್ತೀನಿ ಕಣ್ರೋ,” ಎಂದೆ ಒಂದು ದಿನ.

“ದಾರಿ ಮಾಡೋನೂ ನೀನೇ, ದಾರಿ ಹುಡುಕೋನೂ ನೀನೇ ಅಂದ್ರೆ ಹೆಂಗೆ ಗುರು?” ಎಂದ ನಂಜುಂಡ.

“ಹರಿಕಥೆ ದಾಸರು ರಾವಣನೂ ಆಗ್ತಾರೆ, ಸೀತೆನೂ ಆಗ್ತಾರೆ. ಇವನಿಗೆ ಯಾಕಾಗಬಾರದು?” ಎಂದಳು ಸರೋಜ.

“ಇರ್ಲಿ ಬಿಡೋ,” ಎಂದ ಪ್ರಭಾಕರ. “ಪಾಪ, ಒಬ್ನೇ ಕೂತಿರ್ತಾನೆ.”

ಹೀಗೆ ಅವನ ಕನಿಕರದಿಂದಲೇ ನನ್ನ ವೀರಸೇನ ಹುಟ್ಟಿದ: ಬೆಟ್ಟದ ದಾರಿ ಬಲ್ಲವನು, ಮಿತಭಾಷಿ. ಮೋಸದ ಉದ್ದೇಶ ನನಗಿರಲಿಲ್ಲ. ಕವಲುದಾರಿ ಬಂದಾಗ, ಮುಂದಿನದೆಲ್ಲ ನನಗೆ ಗೊತ್ತಿದೆಯೆಂಬ ಸಂಕೋಚದಿಂದ ಅವನನ್ನು ಸುಮ್ಮನಿರಿಸುತ್ತಿದ್ದೆ. ಆದರೆ ಅವನ ಮೇಲೆ ನನಗೆ ಮಮತೆ ಬೆಳೆಯಿತು. ನನ್ನನ್ನು ಕೆಡಿಸಿದ್ದು ಬಲ್ಲತನವಲ್ಲ, ಆ ಮಮತೆ.

ಒಂದು ಭಾನುವಾರ ನಾಲ್ವರೂ ಕಣಿವೆಯ ಮೇಲಿನ ಹಗ್ಗದ ಸೇತುವೆ ದಾಟುತ್ತಿದ್ದರು. ಹಲಗೆ ಮುರಿಯಿತು. ಬೀಳುವವರು ಯಾರೆಂಬುದನ್ನು ನಾಲ್ಕು ಮುಖದ ದಾಳ ಹೇಳಬೇಕು. ನಾಲ್ಕು ಬಿದ್ದರೆ ವೀರಸೇನ. ಮುಚ್ಚಳದ ಮರೆಯಲ್ಲಿ ಉರುಳಿಸಿದೆ. ನಾಲ್ಕು ಬಿತ್ತು. ಮೂರು ಜೊತೆ ಕಣ್ಣುಗಳು ನನ್ನ ಮುಖದ ಮೇಲೇ ಇದ್ದವು.

“ಭೀಮಣ್ಣ,” ಎಂದೆ. ಮುದುಕ ಬಿದ್ದನೆಂದರೆ ಯಾರೂ ಅನುಮಾನಿಸುವುದಿಲ್ಲವೆಂದು ಆ ಒಂದು ಕ್ಷಣದಲ್ಲೇ ನನ್ನ ಮನಸ್ಸು ಲೆಕ್ಕ ಹಾಕಿತ್ತು.

“ಕೆಳಗೆ ನೀರಿದೆಯಾ?” ಎಂದು ಕೇಳಿದ ಪ್ರಭಾಕರ.

“ಬಂಡೆ.” ನಕ್ಷೆಯಲ್ಲಿ ಹಾಗೆಯೇ ಬರೆದಿದ್ದೆ. ಅಲ್ಲಿ ಮಾತ್ರ ನಾನು ಸತ್ಯವಂತ.

ಅವನು ಭೀಮಣ್ಣನ ವಿವರವೆಲ್ಲ ಬರೆದಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ, ಅಮ್ಮ ಕೊಟ್ಟ ಕಾಫಿ ಕುಡಿದ, ಹೊರಟುಹೋದ. ಮುಂದಿನ ಎರಡು ಭಾನುವಾರ ಬರಲಿಲ್ಲ.

ಮೂರನೆಯ ವಾರ ನಾನೇ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕುಳಿತು, ತಲೆ ಎತ್ತದೆ ಎಲ್ಲ ಹೇಳಿದೆ. ಬಯ್ಯುತ್ತಾನೆಂದುಕೊಂಡಿದ್ದೆ, ಬಯ್ಯಲಿಲ್ಲ.

“ಅಪ್ಪ ಹೋದಾಗ ಡಾಕ್ಟ್ರು, ನಮ್ಮ ಕೈಲಿ ಏನೂ ಇರ್ಲಿಲ್ಲ ಅಂದ್ರು,” ಎಂದ. “ನಂಬಿದೆ. ನಂಬಿದ್ದಕ್ಕೇ ತಡ್ಕೊಂಡೆ. ಭೀಮಣ್ಣ ಬಿದ್ದಾಗ್ಲೂ ಹಂಗೇ ಅಂದ್ಕೊಂಡೆ, ದಾಳ ಬಿತ್ತು, ಯಾರೇನ್ ಮಾಡಕ್ಕಾಗತ್ತೆ ಅಂತ.” ನನ್ನ ಕಡೆ ತಿರುಗಿ, “ಅದು ನಿನ್ನ ಕೈಲಿತ್ತಲ್ಲೋ,” ಎಂದ.

“ಮತ್ತೆ ಬದುಕಿಸ್ತೀನಿ. ಕುರುಬರು ಯಾರೋ ಎತ್ಕೊಂಡು ಹೋಗಿದ್ರು ಅಂತ ಮಾಡೋಣ.”

“ಬೇಡ. ಸತ್ತಿದ್ದೂ ನಿನ್ನಿಷ್ಟಕ್ಕೆ, ಬದುಕೋದೂ ನಿನ್ನಿಷ್ಟಕ್ಕೆ ಅಂದ್ರೆ ಅವನಿಗೇನು ಉಳೀತು?”

ಸರೋಜ ಹೇಳಿದ ಹರಿಕಥೆ ದಾಸರ ಮಾತು ನಿಜ. ಆದರೆ ಅವರ ಬಾಯಲ್ಲಿ ಅಳುವ ಸೀತೆ, ತನ್ನ ಗತಿ ಏನಾಗುತ್ತದೋ ಎಂದು ಎದುರಿನ ಚಾಪೆಯ ಮೇಲೆ ಕುಳಿತು ಕಾಯುತ್ತಿರುವುದಿಲ್ಲ. ಲೋಕವನ್ನೂ ನಡೆಸಿ ಅದರಲ್ಲಿ ತಾನೂ ನಡೆಯಬಲ್ಲ, ತನ್ನವನನ್ನೇ ಮೊದಲು ಬೀಳಗೊಡಬಲ್ಲ ದೊಡ್ಡ ಮನಸ್ಸಿನವರು ಎಲ್ಲೋ ಇದ್ದಾರು. ನಾನು ಅವರಲ್ಲೊಬ್ಬನಲ್ಲವೆಂದು ಇಪ್ಪತ್ತರ ವಯಸ್ಸಿಗೇ ತಿಳಿದದ್ದು ಒಳ್ಳೆಯದೇ ಆಯಿತು. ಮುಂದೆ ಕಚೇರಿಯಲ್ಲಿ ಬಡ್ತಿಯ ಪಟ್ಟಿಗಳ ಮೇಲೆ ಅಭಿಪ್ರಾಯ ಬರೆಯುವ ಅಧಿಕಾರ ಬಂದಾಗ, ನನ್ನವರೆನ್ನುವವರ ಹೆಸರು ಕಂಡರೆ ಕಡತವನ್ನು ಬೇರೆಯವರಿಗೆ ದಾಟಿಸಿ ಎದ್ದುಹೋಗುತ್ತಿದ್ದೆ.

ಆ ಭಾನುವಾರ ಪ್ರಭಾಕರ ಬಂದ. ಎಲ್ಲರೆದುರು ನಡೆದದ್ದನ್ನು ಒಪ್ಪಿಕೊಂಡೆ. ನಂಜುಂಡ ಕಿಟಕಿಯ ಕಡೆ ನೋಡಿದ. ಸರೋಜ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಅಂದಿನಿಂದ ಪುಸ್ತಕವೂ ಸೂತ್ರವೂ ಪ್ರಭಾಕರನವಾದವು, ನನಗೆ ವೀರಸೇನನೊಬ್ಬನೇ ಉಳಿದ.

ಮುಂದಿನ ವಾರವೇ ಪ್ರಭಾಕರ ಒಂದು ಗವಿಯ ಬಾಯಿಗೆ ನಮ್ಮನ್ನು ತಂದು ನಿಲ್ಲಿಸಿದ. “ಒಳಗಿಂದ ತಣ್ಣಗೆ ಗಾಳಿ ಬರ್ತಿದೆ. ಏನ್ಮಾಡ್ತೀಯ?”

ಒಳಗೇನಿದೆಯೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳುಗಳಲ್ಲಿ ಅದೇ ಮೊದಲು. ಪ್ರಭಾಕರನ ಮುಖ ಹುಡುಕಿದೆ; ಅಲ್ಲಿ ಸುಳಿವಿರಲಿಲ್ಲ. ಇವರೆಲ್ಲ ಪ್ರತಿ ವಾರವೂ ಇಂಥ ಕತ್ತಲೆಯೆದುರು ನಿಂತು, ನನ್ನ ಮಾತೊಂದನ್ನೇ ನಂಬಿ ಕಾಲಿಡುತ್ತಿದ್ದರೆಂದು ಆಗ ಅರಿವಾಯಿತು.

“ಹೋಗ್ತೀನಿ,” ಎಂದೆ.

ಅವನು ದಾಳವನ್ನು ಮರೆಯಿಲ್ಲದೆ, ಎಲ್ಲರ ನಡುವೆ, ನೆಲದ ಮೇಲೆ ಉರುಳಿಸಿದ. ಒಂದು ಬಿತ್ತು, ಇರುವುದರಲ್ಲೇ ಕೆಟ್ಟ ಅಂಕೆ. ಗವಿ ಕುಸಿಯಿತು, ವೀರಸೇನ ಹಿಂದಿರುಗಲಿಲ್ಲ. ಅವನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ, ಯಾರೂ ನಗಲಿಲ್ಲ. ಪ್ರಭಾಕರ ಒಂದು ಖಾಲಿ ಹಾಳೆಯನ್ನು ನನ್ನ ಕಡೆಗೆ ಸರಿಸಿದ.

“ಹೆಸರೇನಿಡ್ತೀಯೋ?” ಎಂದು ಕೇಳಿದ.