ನಾಲ್ಕು ಊರು, ಎರಡು 'ನಾವು'

ಕೋಲಾರದ ಮುಸಾಫಿರಖಾನೆಯ ಮುಂದೆ ಆ ಬೆಳಿಗ್ಗೆ ನಾವು ಮೂವರಿದ್ದೆವು. ಯುದ್ಧಪ್ರಚಾರದ ಮೇಲ್ವಿಚಾರಕರಾದ ರಂಗಸ್ವಾಮಯ್ಯನವರು ಮೈಸೂರು ಪೇಟ ಸುತ್ತಿಕೊಂಡು ಜಗಲಿಯ ಮೇಲೆ ನಿಂತಿದ್ದರು. ನಮ್ಮ ಸಿನಿಮಾ ವ್ಯಾನಿನ ಚಾಲಕನೂ ಚಿತ್ರ ಓಡಿಸುವವನೂ ಆಗಿದ್ದ ಬಾಬಾಜಾನ್ ಬಾನೆಟ್ ಎತ್ತಿ ತಲೆ ಒಳಗಿಟ್ಟಿದ್ದ. ಮೂರನೆಯವನು ನಾನು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುವ ಮಾತನ್ನು ಮೈಕಿನಲ್ಲಿ ನಮ್ಮ ಜನಕ್ಕೆ ಅವರ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ಮೊದಲು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನಾದ್ದರಿಂದ ಇಬ್ಬರೂ ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಕೆಲಸ ಹಂಗಾಮಿ. "ಈ ಸುತ್ತು ಸರಿಯಾಗಿ ಮುಗೀಲಿ ಮೇಷ್ಟ್ರೇ, ಖಾಯಂ ಮಾಡಿಸೋ ಹೊಣೆ ನಂದು," ಎಂದು ರಂಗಸ್ವಾಮಯ್ಯನವರು ಹೇಳಿದ್ದರು. ಖಾಯಂ ಆದರೆ ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದು, ತವರಿನಲ್ಲಿದ್ದ ಹೆಂಡತಿಯನ್ನು ಕರೆಸಿಕೊಳ್ಳುವವನಿದ್ದೆ. ಅವಳಿಗೆ ಹಾಗೆಂದು ಮಾತೂ ಕೊಟ್ಟಿದ್ದೆ.

ಯುದ್ಧ ಬಿಸಿಯಾಗಿದ್ದ ಬೇಸಿಗೆ ಅದು. ಹೋಟೆಲುಗಳಲ್ಲಿ ಸಕ್ಕರೆಯಿಲ್ಲದೆ ಬೆಲ್ಲದ ಕಾಫಿ ಕೊಡುತ್ತಿದ್ದರು. ಖಾಸಗಿ ಬಸ್ಸುಗಳು ಪೆಟ್ರೋಲು ಕಾಣದೆ, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವು. ನಮ್ಮ ವ್ಯಾನಿಗೆ ಮಾತ್ರ ಪೆಟ್ರೋಲಿತ್ತು.

ಮೊದಲ ಆಟ ಕೋಲಾರದ ಬಯಲಿನಲ್ಲಿ, ಸಂಜೆ ಕತ್ತಲಾಗುತ್ತಿದ್ದ ಹಾಗೆ. ಚಿತ್ರ ಲಂಡನ್ ಪಟ್ಟಣದ್ದು. ಮೇಲಿನಿಂದ ಬಾಂಬು ಬೀಳುತ್ತದೆ, ಮನೆಗಳು ಕುಸಿಯುತ್ತವೆ. ಬೆಳಗಾದರೆ ಹಾಲಿನವನು ಇಟ್ಟಿಗೆಯ ರಾಶಿ ದಾಟಿಕೊಂಡು ಹಾಲು ಹಾಕಲು ಬರುತ್ತಾನೆ. ಒಬ್ಬ ಶ್ರೀಮಂತನೂ ಒಬ್ಬ ಕಲ್ಲಿದ್ದಲು ಗಣಿಯವನೂ ಒಂದೇ ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಳ್ಳುತ್ತಾರೆ. ನೆಲದಡಿಯ ರೈಲು ನಿಲ್ದಾಣದಲ್ಲಿ ಮುದುಕಿಯರು, ಮಕ್ಕಳು, ಸಿಪಾಯಿಗಳು ಒಟ್ಟಿಗೆ ಮಲಗಿ ಹಾಡು ಹೇಳುತ್ತಾರೆ. ಗಂಭೀರವಾದ ಒಂದು ದನಿ ಹೇಳುತ್ತಲೇ ಇರುತ್ತದೆ: ನಾವು ಇಂಥವರು, ನಾವು ಬಗ್ಗುವುದಿಲ್ಲ, ಇದು ನಮ್ಮ ಮನೆ.

ಚಿತ್ರ ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ಎಷ್ಟು ಸಲ ನೋಡಿದರೂ ಆ ಹಾಲಿನವನು ಬರುವಾಗ ನಾನು ಮೈಕು ಮರೆತು ನೋಡುತ್ತಿದ್ದೆ. ನಮ್ಮ ಜನಕ್ಕೋ ಬೆರಗು ಬೇರೆಯೇ. ಒಬ್ಬ ಬಿಳಿಯ ಮನುಷ್ಯ ಪೊರಕೆ ಹಿಡಿದು ಬೀದಿ ಗುಡಿಸುವುದನ್ನು ಕಂಡು ಸಭೆಯೇ ಗುಜುಗುಟ್ಟಿತು. ಚಿನ್ನದ ಗಣಿಯಲ್ಲಿ ದುಡಿದು ಬಂದಿದ್ದವನೊಬ್ಬ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು.

"ನೋಡ್ಲಾ, ಇವರಲ್ಲೂ ಮಸಿ ಬಳ್ಕೊಂಡು ಗಣಿಗೆ ಇಳಿಯೋರು ಅವರೆ."

"ಮತ್ತೆ ನಿಮ್ಮ ಗಣೀಲಿ?"

"ನಮ್ಮಲ್ಲಿ ಬರೋರೆಲ್ಲ ಮೇಲೆ ನಿಂತ್ಕೊಳ್ಳೋರೇ ಕಣೋ. ಇಳಿಯೋರ್ನ ಅಲ್ಲೇ ಬಿಟ್ಟು ಬಂದವರೆ."

ಮಾರನೆಯ ದಿನ ಮಾಲೂರಿಗೆ ಹೊರಟೆವು. ವಕ್ಕಲೇರಿಯಲ್ಲಿ ರೇಡಿಯೇಟರಿಗೆ ನೀರು ಹಾಕಿಸಿದಾಗ ಒಬ್ಬ ಹೆಂಗಸು ತಾನಾಗಿಯೇ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ಕಾಸು ಕೊಡಹೋದ ರಂಗಸ್ವಾಮಯ್ಯನವರನ್ನು, "ಮಜ್ಜಿಗೆ ಮಾರ್ತಾರಾ ಯಾರಾದ್ರೂ?" ಎಂದು ಗದರಿಸಿ ಕಳಿಸಿದಳು. ಮಾಲೂರು ತಲುಪಿದಾಗ ಉರಿಬಿಸಿಲು. ಇಟ್ಟಿಗೆ ಗೂಡುಗಳ ಹೊಗೆ ಮೇಲೇಳಲೂ ಬೇಸರವಾದ ಹಾಗೆ ನೆಲಕ್ಕಂಟಿಕೊಂಡಿತ್ತು. ಮುದ್ದೆ, ಹುರುಳಿಸಾರು ಉಂಡು ಮರದಡಿ ಬಿದ್ದುಕೊಂಡೆವು.

ಅಲ್ಲಿಯ ಆಟಕ್ಕೆ ಬಂದವರು ಹೆಚ್ಚಾಗಿ ಗೂಡಿನ ಕೆಲಸದವರು. ಬಿದ್ದ ಮನೆಗಳ ಇಟ್ಟಿಗೆಯನ್ನು ದೊರೆಗಳು ಜೋಡಿಸುತ್ತಿದ್ದ ರೀತಿ ನೋಡಿ ನಕ್ಕರು. ಚಿತ್ರ ಮುಗಿದ ಮೇಲೆ ರಂಗಸ್ವಾಮಯ್ಯನವರು ಮೇಜು ಹಾಕಿಸಿ, ಸೈನ್ಯಕ್ಕೆ ಸೇರುವವರು ಹೆಸರು ಬರೆಸಬಹುದು ಎಂದರು. ಕೆಲವರು ಬಂದರು. ಬರೆಸಿದವರಲ್ಲಿ ಪಿಳ್ಳಪ್ಪ ಎಂಬೊಬ್ಬ ಗಟ್ಟಿಮುಟ್ಟಾದ ಯುವಕ ಆಮೇಲೆ ನನ್ನ ಹತ್ತಿರ ಬಂದು ನಿಂತ.

"ಸಾಮಿ, ಬೆಂಕಿ ಬಿದ್ದಿರೋದು ದಂಡಿನಲ್ಲಿ ಯಾವ ಕಡೆ?"

ದಂಡು ಎಂದರೆ ಬೆಂಗಳೂರಿನಲ್ಲಿ ಬಿಳಿಯರೂ ಸೈನ್ಯವೂ ಇರುವ ಭಾಗ. ನನಗೆ ಅರ್ಥವಾಗಲಿಲ್ಲ. "ದಂಡಿನಲ್ಲಿ ಯಾಕಪ್ಪ ಬೆಂಕಿ ಬೀಳುತ್ತೆ?" ಎಂದೆ.

"ನೀವೇ ಅಂದ್ರಲ್ಲ, ನಮ್ಮ ಊರು ಸುಡ್ತಾವರೆ, ನಮ್ಮ ಮನೆ ಕೆಡವ್ತಾವರೆ ಅಂತ. ಬಿಳೀ ದೊರೆಗಳು ಇರೋ ನಮ್ಮ ಊರು ಅಂದ್ರೆ ದಂಡೇ ತಾನೆ? ನಮ್ಮಕ್ಕ ಅಲ್ಲೇ ಒಬ್ಬ ದೊರೆಸಾನಿ ಮನೇಲಿ ಪಾತ್ರೆ ತೊಳೀತಾಳೆ. ಅದಕ್ಕೇ ಹೆಸರು ಬರೆಸ್ದೆ."

ಅವನು ಅದಕ್ಕೆ ಮೊದಲು ಸಿನಿಮಾ ನೋಡಿದವನಲ್ಲ. ಆ ಊರು ಸಮುದ್ರದಾಚೆ ಇದೆ, ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕು ಎಂದೆ. ಅವನು ಪರದೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಅವನನ್ನು ಮೇಜಿನ ಬಳಿ ಕರೆದುಕೊಂಡು ಹೋಗಿ, ಇವನು ತಪ್ಪು ತಿಳಿದು ಬರೆಸಿದ್ದಾನೆ, ಹೆಸರು ಹೊಡೆದುಹಾಕಿ ಎಂದೆ.

"ಹೊಡೆದುಹಾಕೋಕೆ ಬರಲ್ಲ ಮೇಷ್ಟ್ರೇ. ಮೇಲಿನೋರಿಗೆ ನಾನು ಏನು ಹೇಳಲಿ? ದಂಡೋ ಲಂಡನ್ನೋ, ನಾವು ಅಂದಮೇಲೆ ಎಲ್ಲ ಒಂದೇ," ಎಂದರು ರಂಗಸ್ವಾಮಯ್ಯನವರು.

ಪಿಳ್ಳಪ್ಪನನ್ನು ಬೆಳಗಿನ ಬೆಂಗಳೂರು ರೈಲಿಗೆ ಹತ್ತಿಸಿದರು. "ಹೋಗ್ಲಿ ಬಿಡಿ ಸಾಮಿ, ಅಕ್ಕನ್ನಾದ್ರೂ ನೋಡ್ಕೊಂಡು ಬರ್ತೀನಿ," ಎಂದು ಕಿಟಕಿಯಿಂದ ನನಗೇ ಸಮಾಧಾನ ಹೇಳಿದ. ರೈಲು ಹೋದಮೇಲೂ ನನ್ನ ಕೋಪ ಇಳಿಯಲಿಲ್ಲ. ಆ ಒಂದು 'ನಾವು' ಅವನನ್ನು ಹತ್ತಿಸಿಕೊಂಡು ಹೋಗಿತ್ತು.

ಅಲ್ಲಿಂದ ಮುಳಬಾಗಿಲಿಗೆ ಹೊರಟೆವು. ಆ ಊರು ನನ್ನ ಅಜ್ಜಿಯದು. ಅಲ್ಲಿ ಮನೆಮಾತು ತೆಲುಗು, ಆಟವನ್ನೂ ತೆಲುಗಿನಲ್ಲೇ ಹೇಳಬೇಕು. ಕನ್ನಡದಲ್ಲಿ 'ನಾವು' ಒಂದೇ. ತೆಲುಗಿನಲ್ಲಿ ಎರಡಿವೆ. ಕೇಳುವವನನ್ನೂ ಸೇರಿಸಿಕೊಂಡರೆ 'ಮನಮು', ಅವನನ್ನು ಬಿಟ್ಟು ನಾವಷ್ಟೇ ಎನ್ನುವುದಾದರೆ 'ಮೇಮು'. ಚಿಕ್ಕವನಿದ್ದಾಗ ಒಮ್ಮೆ, ಮನೆಗೆ ನೆಂಟರು ಬಂದು ಕೂತಿರುವಾಗಲೇ, 'ಮೇಮು ಉಣ್ಣುತ್ತೇವೆ' ಎಂಬರ್ಥದ ಮಾತಾಡಿದ್ದೆ. ಅಜ್ಜಿ ತೊಡೆ ಚಿವುಟಿ, "ಎಲೆ ಹಾಕಿದ ಮೇಲೆ ಮನಮು ಅನ್ನಬೇಕು ಕಣೋ. ಮೇಮು ಅಂದ್ರೆ ಬಂದೋರನ್ನ ಬಾಗಿಲಾಚೆ ನಿಲ್ಲಿಸಿದ ಹಾಗೆ," ಎಂದಿದ್ದಳು. ನನಗೆ ಭಾಷೆ ಬಂದದ್ದು ಹೀಗೆ, ತೊಡೆಯ ಮೇಲೆ.

ಬಾಬಾಜಾನನಿಗೆ ಇದನ್ನು ಹೇಳಿದೆ. ಅವನು ಸ್ಟಿಯರಿಂಗ್ ಬಿಡದೆ ನಕ್ಕ. "ನಮ್ಮ ದಖನಿ ಉರ್ದುವಲ್ಲೂ ಐತೆ ಮೇಷ್ಟ್ರೇ. 'ಅಪನ್' ಅಂದ್ರೆ ನೀವೂ ಸೇರಿ. 'ಹಮೇ' ಅಂದ್ರೆ ನೀವು ಆಚೆ. ಇಂಗ್ಲಿಷಲ್ಲಿ ಇಲ್ವಾ? ಪಾಪ."

ಅಂದಿನ ಆಟದಲ್ಲಿ ನಾನು ಮೊದಲಿನಿಂದ ಕೊನೆಯವರೆಗೂ 'ಮೇಮು' ಎಂದೆ. ಮೇಮು ಬಗ್ಗುವುದಿಲ್ಲ, ಇದು ಮಾ ಇಲ್ಲು, ಎಂದರೆ ಇದು ನಿಮ್ಮನ್ನು ಬಿಟ್ಟು ನಮ್ಮ ಮನೆ. ಜನ ಚಿತ್ರವನ್ನು ಮರುಕದಿಂದಲೇ ನೋಡಿದರು. ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಪಕ್ಕದ ಮನೆಯ ಸಾವಿಗೆ ಅಳುವ ಹಾಗೆ ಅತ್ತು, ಎದ್ದು ಮನೆಗೆ ಹೋದರು. ಮೇಜಿನ ಹತ್ತಿರ ಒಬ್ಬನೂ ಬರಲಿಲ್ಲ.

ತೆಲುಗು ಬಾರದ ರಂಗಸ್ವಾಮಯ್ಯನವರಿಗೆ ಕಾರಣ ತಿಳಿಯಲಿಲ್ಲ. ಅಲ್ಲಿನ ಕಂದಾಯದ ಶೇಕದಾರರು ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಬಿಡಿಸಿ ಹೇಳಿದರು. ರಂಗಸ್ವಾಮಯ್ಯನವರು ಕೈತೊಳೆದು ನೇರ ವ್ಯಾನಿನ ಬಳಿಗೆ ಬಂದರು.

"ಒಂದು ಅಕ್ಷರಕ್ಕೋಸ್ಕರ ಹೀಗೆ ಮಾಡ್ತಾರೇನ್ರೀ?"

"ಚಿತ್ರದಲ್ಲಿ ಇರೋದನ್ನೇ ಹೇಳಿದ್ದೀನಿ ಸ್ವಾಮಿ. ಹಾಲಿನವನಿದ್ದಾನೆ, ಗಣಿಯವನಿದ್ದಾನೆ, ಅವರ ನಾಯಿ ಸಹ ಇದೆ. ನಮ್ಮವರು ಎಲ್ಲಿದ್ದಾರೆ?"

"ಕೊನೇಲಿ ಪೇಟ ಸುತ್ತಿದ ನಮ್ಮ ಸಿಪಾಯಿ ಬರಲ್ವೇನ್ರೀ?"

"ಅಂಚಿನಲ್ಲಿ ಬಂದು ಹೋಗ್ತಾನೆ. ರೆಪ್ಪೆ ಹೊಡೆದ್ರೆ ಕಾಣಲ್ಲ."

ರಂಗಸ್ವಾಮಯ್ಯನವರು ಕೆಟ್ಟವರಲ್ಲ. "ನಿಮ್ಮ ಹೆಂಡತೀನ ಕರೆಸ್ಕೋಬೇಕು ಅಂತಿದ್ರಿ," ಎಂದು ಮೆಲ್ಲಗೆ ಹೇಳಿದರು. "ಇವತ್ತು ಶ್ರೀನಿವಾಸಪುರದಲ್ಲಿ ಆ ಇನ್ನೊಂದು ಮಾತು ಹೇಳಿ. ಮುಗೀತು."

ಶ್ರೀನಿವಾಸಪುರದವರೆಗೂ ಆ ಮಾತು ನನ್ನ ಪಕ್ಕದಲ್ಲೇ ಕೂತು ಬಂತು. ಎರಡೂ ಕಡೆ ಮಾವಿನ ತೋಪುಗಳು, ಕಾಯಿಭಾರಕ್ಕೆ ಬಾಗಿದ ಕೊಂಬೆಗಳಿಗೆ ಊರುಗೋಲು ಕೊಟ್ಟಿದ್ದರು. ಸಂತೆಯ ದಿನ. ಮುಳಬಾಗಿಲಿನ ವ್ಯಾಪಾರಿಗಳ ಜೊತೆಗೆ ನಮ್ಮ ಆಟದ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು.

ಆಟ ಶುರುವಾಗುವ ಮುನ್ನ, "ಹೇಳ್ತೀರಾ?" ಎಂದರು ರಂಗಸ್ವಾಮಯ್ಯನವರು.

"ಹೇಳಲ್ಲ ಸ್ವಾಮಿ. ಎಲೆ ಹಾಕದೆ ಮನಮು ಅಂತ ಕರೆಯೋಕೆ ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಮೈಕು ಈ ಕಡೆ ಕೊಡಿ."

ಅವರೇ ಕನ್ನಡದಲ್ಲಿ ಹೇಳತೊಡಗಿದರು. ತೆಲುಗು ಮನೆಮಾತಿನ ಆ ಜನಕ್ಕೆ ಕನ್ನಡವೂ ಬರುತ್ತದೆ, ತೊಂದರೆಯಿರಲಿಲ್ಲ. ನಾವು ಬಗ್ಗುವುದಿಲ್ಲ, ನಾವೆಲ್ಲ ಒಂದು ಎನ್ನುವಲ್ಲಿಗೆ ಬಂದಾಗ, ಮುಂದೆ ಕುಕ್ಕೆಯನ್ನು ಪಕ್ಕದಲ್ಲಿಟ್ಟು ಕೂತಿದ್ದ ಸಂತೆಯ ಹೆಂಗಸೊಬ್ಬಳು ಕೂಗಿ ಕೇಳಿದಳು.

"ಯಾವ ನಾವು ಸಾಮಿ? ಮೇಮಾ, ಮನಮಾ?"

ಸಭೆ ಗೊಳ್ಳೆಂದಿತು. "ಎರಡೂ ಕಣಮ್ಮ," ಎಂದರು ರಂಗಸ್ವಾಮಯ್ಯನವರು.

"ಎರಡೂ ಎಂಗಾಯ್ತದೆ? ಕರೆದ್ರೆ ಬರ್ತೀವಿ, ಕರೀದಿದ್ರೆ ಇಲ್ಲ. ಕರೆದು, ಬಾಗಿಲೂ ಹಾಕ್ಕೊಂಡ್ರೆ?"

ಜನ ಬಿಡಲಿಲ್ಲ. ಮೇಮಾ, ಮನಮಾ ಎಂದು ಹಿಂದಿನ ಸಾಲುಗಳಿಂದಲೂ ಕೇಳತೊಡಗಿದರು. ಅತ್ತ ಪರದೆಯ ಮೇಲೆ ಹಾಲಿನವನು ಇಟ್ಟಿಗೆ ದಾಟುತ್ತಿದ್ದ. ರಂಗಸ್ವಾಮಯ್ಯನವರು ಮೈಕನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ನೀಡಿದರು.

"ಹೇಳಿ ಮೇಷ್ಟ್ರೇ. ಯೋಚನೆ ಮಾಡಿ ಹೇಳಿ."

ಹೆಂಡತಿಯ ಮುಖ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಮೈಕು ತೆಗೆದುಕೊಂಡೆ.

"ಅಮ್ಮಾ, ವಾಳ್ಳು ಚೆಪ್ಪೇದಿ ಮೇಮು. ಮನಮು ಕಾದು," ಎಂದೆ. ತಾಯಿ, ಅವರು ಹೇಳುತ್ತಿರುವುದು ಮೇಮು, ಮನಮು ಅಲ್ಲ.

ಯಾರೂ ನಗಲಿಲ್ಲ. ಚಿತ್ರ ಕೊನೆಯವರೆಗೂ ಓಡಿತು, ಜನ ಕೊನೆಯವರೆಗೂ ಕೂತು ನೋಡಿದರು. ಮೇಜಿನ ಬಳಿಗೆ ಯಾರೂ ಹೋಗಲಿಲ್ಲ. ಹೋಗುವಾಗ ಆ ಹೆಂಗಸು ಕುಕ್ಕೆಯಿಂದ ಎರಡು ಮಾವಿನಕಾಯಿ ತೆಗೆದು ನನ್ನ ಕೈಗಿಟ್ಟಳು.

ಬೆಳಿಗ್ಗೆ ರಂಗಸ್ವಾಮಯ್ಯನವರು ನನ್ನ ಮುಖ ನೋಡದೆಯೇ, "ನೀವು ಬಸ್ಸಿನಲ್ಲಿ ಹೋಗಿಬಿಡಿ," ಎಂದರು. ಕೋಲಾರಕ್ಕೆ ಆರಾಣೆ. ಇದ್ದಿಲಿನ ಬಸ್ಸು ಪ್ರತಿ ಏರಿನಲ್ಲೂ ನಮ್ಮನ್ನು ಇಳಿಸಿ, ನಡೆಸಿ, ಮೇಲೆ ಹತ್ತಿಸಿಕೊಂಡಿತು. ನನಗೆ ಅವಸರವೇನೂ ಇರಲಿಲ್ಲ. ಹೆಂಡತಿಯ ತವರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಸರಿ, ಮನಮು ಈಗ ಎಲ್ಲಿಗೆ ಹೋಗೋಣ?" ಎಂದಳು. ಅವಳದೂ ತೆಲುಗಿನ ಮನೆ.

ಮಳೆಗಾಲದಲ್ಲಿ ಬಾಬಾಜಾನ್ ಕೋಲಾರದಲ್ಲಿ ಸಿಕ್ಕಿದ. ನನ್ನ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರನ್ನು ತಂದರಂತೆ. ಎಲ್ಲಿ ಹೋದರೂ ಜನ ಅದೇ ಪ್ರಶ್ನೆ ಕೇಳಿದರಂತೆ. ಕೊನೆಗೆ ಮೇಲಿನಿಂದ ಹುಕುಂ ಬಂದು, ತೆಲುಗು ಮಾತಾಡುವ ಊರುಗಳಲ್ಲಿ ಆ ಚಿತ್ರವನ್ನು ಯಾರೂ ಏನೂ ಹೇಳದೆ, ಬರಿಯ ಇಂಗ್ಲಿಷಿನಲ್ಲೇ ತೋರಿಸಿದರಂತೆ.